ಜೆ ಡಿಲ್ಲಾನ ‘ಡೋನಟ್ಸ್’: ಆರ್ಕೆಸ್ಟ್ರಾ ಪ್ಯಾಡ್‌ನವನ ಕಿವಿಗೆ ಕೇಳಿಸಿದ ಹಾಗೆ

ಈ ಆಲ್ಬಮ್ಮಿನಲ್ಲಿ ರ‍್ಯಾಪ್ ಇಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೇದು. ಹಿಪ್‌ಹಾಪ್ ಅಂದ ಕೂಡಲೇ ‘ಅಯ್ಯೋ, ಅವರು ಬಡಬಡಿಸೋದು ಒಂದಕ್ಷರ ತಿಳಿಯಲ್ಲ’ ಎಂದು ಕೈ ಮುಗಿಯುವವರು ನಮ್ಮ ತಂಡದಲ್ಲೇ ಇದ್ದಾರೆ. ಅಂಥವರನ್ನೂ ಹೆಡ್‌ಫೋನ್ ಹಾಕಿ ಕೂರಿಸಬಹುದಾದ ಹಿಪ್‌ಹಾಪ್ ಇದು. ಒಟ್ಟು 43 ನಿಮಿಷ, 31 ತುಣುಕು. ಹೆಚ್ಚಿನವು ಒಂದೂವರೆ ನಿಮಿಷದ ಆಸುಪಾಸಿನಲ್ಲೇ ಮುಗಿದುಹೋಗುತ್ತವೆ. ಅಲ್ಲಲ್ಲಿ ಒಂದು ಕೂಗು, ಹಾಡಿನ ಅರ್ಧ ಸಾಲು, ಹಳೇ ಜಾಹೀರಾತಿನ ಒಂದು ದನಿ ಕೇಳುತ್ತದೆ. ಹೆಚ್ಚುಕಡಿಮೆ ಎಲ್ಲವೂ ಬೇರೆಯವರ ಹಳೇ ರೆಕಾರ್ಡುಗಳನ್ನು ಕತ್ತರಿಸಿ ಜೋಡಿಸಿದ್ದು.

ಮಾಡಿದವನ ಹೆಸರು ಜೇಮ್ಸ್ ಡಿವಿಟ್ ಯಾನ್ಸಿ. ಅಮೆರಿಕದ ಡೆಟ್ರಾಯಿಟ್ ಊರಿನವನು, ಹುಟ್ಟಿದ್ದು 1974ರ ಫೆಬ್ರವರಿ 7ರಂದು. ಸಂಗೀತದವರ ನಡುವೆ ಜೆ ಡಿಲ್ಲಾ ಎಂದೇ ಹೆಸರು. ತೊಂಬತ್ತರ ದಶಕದಲ್ಲಿ ದ ಫಾರ್‌ಸೈಡ್, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್, ಡಿ ಲಾ ಸೋಲ್ ತಂಡಗಳಿಗೆ, ಆಮೇಲೆ ಕಾಮನ್, ಎರಿಕಾ ಬಾಡು ಅಂಥವರಿಗೆ ಬೀಟ್, ಅಂದರೆ ಮಾತಿನ ಕೆಳಗೆ ಓಡುವ ಸಂಗೀತ, ಮಾಡಿಕೊಟ್ಟವನು. ‘ಡೋನಟ್ಸ್’ ಬಿಡುಗಡೆಯಾದದ್ದು 2006ರ ಫೆಬ್ರವರಿ 7ರಂದು, ಲಾಸ್ ಏಂಜಲೀಸಿನ ಸ್ಟೋನ್ಸ್ ಥ್ರೋ ಎಂಬ ಚಿಕ್ಕ ಕಂಪನಿಯಿಂದ. ಅವತ್ತಿಗೆ ಅವನಿಗೆ 32 ತುಂಬಿತ್ತು. ಮೂರು ದಿನ ಕಳೆದು ಫೆಬ್ರವರಿ 10ರಂದು ತೀರಿಕೊಂಡ. ರಕ್ತದ ಅಪರೂಪದ ಕಾಯಿಲೆ, ಜೊತೆಗೆ ಲೂಪಸ್, ಅಂದರೆ ದೇಹದ ರಕ್ಷಣಾ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ರೋಗ.

ಇಷ್ಟು ತಿಳಿದ ಮೇಲೆ ಯಾರಿಗಾದರೂ ಈ ಆಲ್ಬಮ್ಮು ಕಣ್ಣೀರಿನ ಮೂಲಕವೇ ಕೇಳಿಸುತ್ತದೆ. ಬರೆದವರಲ್ಲಿ ಬಹಳಷ್ಟು ಜನ ಹಾಗೇ ಬರೆದಿದ್ದಾರೆ. ನಾನು ಆ ದಾರಿ ಹಿಡಿಯುವುದಿಲ್ಲ. ನಾನು ಶಿವಮೊಗ್ಗದ ಒಂದು ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ನುಡಿಸುವವನು. ಮದುವೆ ರಿಸೆಪ್ಷನ್, ಗಣಪತಿ ಪೆಂಡಾಲು, ಮಾರಿ ಜಾತ್ರೆ, ಕಾಲೇಜು ಡೇ, ಎಲ್ಲಿ ಕರೆದರೂ ಹೋಗುತ್ತೇವೆ. ನನ್ನ ಮುಂದೆ ಇರುವುದು ರೋಲ್ಯಾಂಡ್ ಎಸ್‌ಪಿಡಿ-ಎಸ್‌ಎಕ್ಸ್. ಒಂಬತ್ತು ರಬ್ಬರ್ ಚೌಕಗಳು, ಪ್ರತಿಯೊಂದರೊಳಗೂ ನಮಗೆ ಬೇಕಾದ ಸದ್ದು ತುಂಬಿಸಿಕೊಂಡು ಕೋಲಿನಿಂದ ಹೊಡೆಯಬಹುದು. ಅಂದರೆ ಡಿಲ್ಲಾ ಮಾಡಿದ್ದೂ ನಾನು ಮಾಡುವುದೂ ಹೆಸರಿಗೆ ಒಂದೇ ಕಸುಬು, ಸ್ಯಾಂಪ್ಲಿಂಗ್. ಹಾಗಾಗಿ ಇದನ್ನು ಒಬ್ಬ ಕಸುಬುದಾರ ಇನ್ನೊಬ್ಬನ ಕೆಲಸ ನೋಡಿ ಬರೆದ ವಿಮರ್ಶೆ ಅಂದುಕೊಳ್ಳಿ.

ಸ್ಯಾಂಪ್ಲಿಂಗ್ ಅಂದರೆ ‘ಬೇರೆಯವರ ಹಾಡು ಎತ್ತಿ ಹಾಕಿಕೊಳ್ಳೋದು’ ಎಂದು ನಮ್ಮ ಕೀಬೋರ್ಡ್‌ನವನ ಅಭಿಪ್ರಾಯ. ಎತ್ತುವುದು ಸುಲಭ, ಯಾರು ಬೇಕಾದರೂ ಎತ್ತಬಹುದು. ಕಷ್ಟ ಇರುವುದು ಎಲ್ಲಿಂದ ಎಲ್ಲಿಗೆ ಎಂಬುದರಲ್ಲಿ. ಶಿಕಾರಿಪುರದ ಕಡೆಯ ಒಂದು ಡೊಳ್ಳಿನ ತಂಡದ ಹೊಡೆತವನ್ನು ನಾನು ರೆಕಾರ್ಡ್ ಮಾಡಿ ಪ್ಯಾಡಿಗೆ ಹಾಕಿಕೊಂಡಿದ್ದೇನೆ. ಸಂಜೆ ಹೊತ್ತು, ಬಯಲು, ರೆಕಾರ್ಡರ್ ಇಪ್ಪತ್ತು ಹೆಜ್ಜೆ ದೂರ. ಮನೆಗೆ ತಂದು ಕಂಪ್ಯೂಟರಿನಲ್ಲಿ ಒಂದು ಪೆಟ್ಟನ್ನು ಬಿಡಿಸಿಕೊಳ್ಳಬೇಕು. ಪೆಟ್ಟಿನ ಮುಂಚೆ ಕೂದಲೆಳೆಯಷ್ಟು ಮೌನ ಉಳಿದರೂ ಸ್ಟೇಜಿನ ಮೇಲೆ ನಾನು ಹೊಡೆದದ್ದಕ್ಕಿಂತ ತಡವಾಗಿ ಸದ್ದು ಬರುತ್ತದೆ. ತೀರಾ ಒತ್ತಿ ಕತ್ತರಿಸಿದರೆ ಚರ್ಮಕ್ಕೆ ಕೋಲು ತಾಗಿದ ‘ಟಕ್’ ಎಂಬ ಮೊದಲ ಕಚ್ಚೇ ಹೋಗಿ ಬರೀ ‘ಧುಂ’ ಉಳಿಯುತ್ತದೆ. ಹಿಂದಿನ ತುದಿಯ ಕಥೆ ಬೇರೆ. ಬೇಗ ಕತ್ತರಿಸಿದರೆ ಬಯಲಿನ ಗಾಳಿ, ಪ್ರತಿಧ್ವನಿ ಎಲ್ಲ ಹೋಗಿ ಯಾವುದೋ ಡಬ್ಬ ಬಡಿದ ಹಾಗಾಗುತ್ತದೆ. ಉದ್ದ ಬಿಟ್ಟರೆ ಮುಂದಿನ ಪೆಟ್ಟಿನ ಮೇಲೆ ಕೂರುತ್ತದೆ. ಈ ಎರಡು ತುದಿಗಳ ತೀರ್ಮಾನಕ್ಕೇ ರಾತ್ರಿಗಳು ಹೋಗುತ್ತವೆ.

ನಾವು, ಅಂದರೆ ನನ್ನಂಥ ಪ್ಯಾಡ್‌ನವರು, ಆ ತುದಿಗಳನ್ನು ಯಾರಿಗೂ ಕಾಣದ ಹಾಗೆ ನಯ ಮಾಡುತ್ತೇವೆ. ಡಿಲ್ಲಾ ಮಾಡುವುದು ಇದಕ್ಕೆ ತದ್ವಿರುದ್ಧ. ‘ಡೋನಟ್ಸ್’ನಲ್ಲಿ ಕತ್ತರಿ ಹಾಕಿದ ಜಾಗ ಎದ್ದು ಕೇಳಿಸುತ್ತದೆ. ಹಾಡುಗಾರ್ತಿ ಮುಂದಿನ ಪದಕ್ಕೆ ಉಸಿರೆಳೆದುಕೊಂಡಿರುತ್ತಾಳೆ, ಪದ ಬರುವುದಿಲ್ಲ, ಉಸಿರು ಮಾತ್ರ ಉಳಿಯುತ್ತದೆ. ಒಂದು ಅಕ್ಷರದ ಬಾಲ ಇನ್ನೊಂದು ಅಕ್ಷರದ ತಲೆಗೆ ಡಿಕ್ಕಿ ಹೊಡೆಯುತ್ತದೆ. ಮೊದಲ ಸಲ ಕೇಳಿದಾಗ ಫೈಲೇ ಕೆಟ್ಟಿದೆ ಅನ್ನಿಸಬಹುದು. ಎರಡು ಸುತ್ತು ಬರಲಿ, ಆ ಡಿಕ್ಕಿಯೇ ತಾಳವಾಗಿ ಕೂತಿರುವುದು ಗೊತ್ತಾಗುತ್ತದೆ. ಈ ಆಲ್ಬಮ್ಮಿನ ಬಗ್ಗೆ ನನಗೆ ಹೇಳಬೇಕಾದ್ದು ಮುಖ್ಯವಾಗಿ ಇದೇ: ಅವನ ಕಲೆ ಇರುವುದು ಕತ್ತರಿ ಬಿದ್ದ ಜಾಗದಲ್ಲಿ, ಅದನ್ನು ಮುಚ್ಚದೆ ಬಿಟ್ಟಿದ್ದರಲ್ಲಿ.

ಇದನ್ನು ಒಂದೇ ತುಣುಕಿನಲ್ಲಿ ನೋಡಬೇಕೆಂದರೆ 18ನೆಯದು, ‘ಡೋಂಟ್ ಕ್ರೈ’. ಇದರ ಮೂಲ ದಿ ಎಸ್ಕಾರ್ಟ್ಸ್ ಎಂಬ ತಂಡದ ‘ಐ ಕಾಂಟ್ ಸ್ಟ್ಯಾಂಡ್ ಟು ಸೀ ಯು ಕ್ರೈ’. ಈ ಎಸ್ಕಾರ್ಟ್ಸ್ ಯಾರು ಅಂತೀರಿ? ನ್ಯೂಜೆರ್ಸಿಯ ರಾಹ್ವೇ ಜೈಲಿನ ಕೈದಿಗಳು. 1973ರಲ್ಲಿ ಬಂದ ಅವರ ಮೊದಲ ಆಲ್ಬಮ್ಮು ಜೈಲಿನ ಒಳಗೇ ರೆಕಾರ್ಡ್ ಆದದ್ದು. ಡಿಲ್ಲಾ ಏನು ಮಾಡುತ್ತಾನೆ ಅಂದರೆ, ಮೊದಲಿಗೆ ಸುಮಾರು ಅರ್ಧ ನಿಮಿಷ ಆ ಹಾಡನ್ನು ಹೆಚ್ಚುಕಡಿಮೆ ಇದ್ದ ಹಾಗೇ ಓಡಲು ಬಿಡುತ್ತಾನೆ. ಇದು ನನ್ನ ಸರಕು, ನೋಡಿಕೊಳ್ಳಿ ಎಂದು ಮೇಜಿನ ಮೇಲೆ ಇಟ್ಟ ಹಾಗೆ. ಆಮೇಲೆ ಕತ್ತರಿ ಶುರು. ಒಂದು ಸ್ವರ, ಒಂದು ಡ್ರಮ್ ಪೆಟ್ಟು, ಕೋರಸ್ಸಿನ ಅರ್ಧ ‘ಆ’, ಇಷ್ಟಿಷ್ಟೇ ಚೂರುಗಳನ್ನು ಹೊಸ ಕ್ರಮದಲ್ಲಿ ಹೊಡೆದು ಅದೇ ಹಾಡಿನಿಂದ ಇನ್ನೊಂದು ಹಾಡು ತೆಗೆಯುತ್ತಾನೆ. ಮೂಲ ಹಾಡಿನ ಸಂಕಟ ಹೋಗಿಲ್ಲ, ಅದರ ನಡಿಗೆ ಬದಲಾಗಿದೆ. ಸ್ಯಾಂಪ್ಲಿಂಗ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಬಾಯಿ ಬಿಡುವುದೇ ಇಲ್ಲ, ಈ ಎರಡು ನಿಮಿಷ ಕೇಳಿಸುತ್ತೇನೆ.

ಮೂರನೆಯ ತುಣುಕು ‘ವೇವ್ಸ್’ ಇನ್ನೂ ಚುರುಕು. ಬ್ರಿಟನ್ನಿನ 10ಸಿಸಿ ತಂಡ ಎಪ್ಪತ್ತರ ದಶಕದ ಆರಂಭದಲ್ಲಿ ‘ಜಾನಿ, ಡೋಂಟ್ ಡು ಇಟ್’ ಎಂಬ ಹಾಡು ಮಾಡಿತ್ತು. ಬೈಕ್ ಹತ್ತಿ ಹೋಗಿ ಸಾಯುವ ಹುಡುಗರ ಮೇಲಿನ ಹಳೇ ಅಮೆರಿಕನ್ ಹಾಡುಗಳನ್ನು ಅಣಕಿಸುವ ಹಾಡು. ‘ಬೇಡ ಜಾನಿ, ಹಾಗೆ ಮಾಡಬೇಡ’ ಎಂದು ಕೋರಸ್ಸು ಗೋಗರೆಯುತ್ತದೆ. ಡಿಲ್ಲಾ ಆ ಸಾಲಿನಿಂದ ‘ಬೇಡ’ ಎಂಬಷ್ಟನ್ನು ಮಾತ್ರ ಎತ್ತಿ ಬಿಸಾಡಿದ್ದಾನೆ. ಉಳಿದದ್ದು ‘ಜಾನಿ, ಮಾಡು’. ಅವನ ಸ್ವಂತ ತಮ್ಮನ ಹೆಸರು ಜಾನ್, ಅವನೂ ಸಂಗೀತದವನೇ, ಇಲ್ಲಾ ಜೆ ಎಂದು ಹಾಡುತ್ತಾನೆ. ಅಣ್ಣ ತಮ್ಮನಿಗೆ ಹೇಳಿಹೋದ ಮಾತು ಇದು ಎಂದು ಅರ್ಥ ಮಾಡುವವರಿದ್ದಾರೆ. ಇರಬಹುದು. ನನಗಂತೂ ಅರ್ಧ ಸೆಕೆಂಡಿನಷ್ಟು ಕತ್ತರಿಸಿ ತೆಗೆದದ್ದರಿಂದ ಇಡೀ ಹಾಡು ತಲೆಕೆಳಗಾಗಿದ್ದೇ ಸಾಕು.

‘ಸ್ಟಾಪ್’ ಎಂಬುದರಲ್ಲಿ ಗಾಯಕಿ ಡಿಯಾನ್ ವಾರ್ವಿಕ್ ಅವರ 1973ರ ಹಾಡೊಂದಿದೆ. ಆಕೆ ‘ನಿಲ್ಲು’ ಎಂದಾಗ ಸಂಗೀತ ನಿಜಕ್ಕೂ ನಿಲ್ಲುತ್ತದೆ. ಸ್ಟೇಜಿನ ಮೇಲೆ ಇಂಥ ನಿಲುಗಡೆ ಕೊಡುವುದಕ್ಕೆ ಎದೆಗಾರಿಕೆ ಬೇಕು. ಜನ ‘ಕರೆಂಟ್ ಹೋಯ್ತು’ ಎಂದು ತಿಳಿದು ಸೀಟಿ ಹೊಡೆಯುವ ಮೊದಲು ಮತ್ತೆ ಹಿಡಿಯಬೇಕಲ್ಲ. ಹತ್ತನೆಯ ತುಣುಕು, ‘ಟೈಮ್: ದ ಡೋನಟ್ ಆಫ್ ದ ಹಾರ್ಟ್’, ಜಾಕ್ಸನ್ 5 ತಂಡದ 1975ರ ಒಂದು ಪ್ರೇಮಗೀತೆಯಿಂದ ಹುಟ್ಟಿದ್ದು. ಅದರಲ್ಲಿ ಒಂದು ಕಡೆ ಲಯ ಎಳೆದುಕೊಂಡು ನಿಧಾನವಾಗುತ್ತದೆ. ನಮ್ಮ ಗಾಯಕಿ ಅಕ್ಕ, ಹಳೇ ಹಿಂದಿ ಕನ್ನಡ ಹಾಡುಗಳ ಹೊರತು ಬೇರೇನನ್ನೂ ಒಪ್ಪದವರು, ಇದೊಂದನ್ನು ‘ಇನ್ನೊಂದ್ಸಲ ಹಾಕೋ’ ಎಂದು ಕೇಳಿಸಿಕೊಂಡರು. ಉಳಿದ ಮೂವತ್ತಕ್ಕೆ ಅವರ ತೀರ್ಪು, ‘ಹಾಡು ಶುರುವಾಗೋದ್ರೊಳಗೆ ಮುಗಿಸ್ತಾನಲ್ಲೋ ಇವನು.’

ಅಕ್ಕನ ದೂರಿನಲ್ಲಿ ಹುರುಳಿದೆ. ‘ಟು ಕ್ಯಾನ್ ವಿನ್’ ಎಂಬುದನ್ನು ನೋಡಿ. ದ ಸಿಲ್ವರ್ಸ್ ಎಂಬ ತಂಡದ ‘ಓನ್ಲಿ ಒನ್ ಕ್ಯಾನ್ ವಿನ್’ ಹಾಡನ್ನು ಹಿಡಿದು, ಗೆಲ್ಲುವವನು ಒಬ್ಬನೇ ಎಂಬುದನ್ನು ಇಬ್ಬರೂ ಗೆಲ್ಲಬಹುದು ಎಂದು ತಿರುಗಿಸಿದ ತಮಾಷೆ. ಎಷ್ಟು ಸೊಗಸಾದ ರಾಗ! ಇನ್ನೆರಡು ನಿಮಿಷ ಓಡಿದ್ದರೆ ಯಾರ ಗಂಟು ಹೋಗುತ್ತಿತ್ತು? ಕಾರಣ ಇಲ್ಲದೇ ಇಲ್ಲ. ಬೀಟ್ ಮಾಡುವವರು ರ‍್ಯಾಪರುಗಳಿಗೆ ಕೇಳಿಸಲು ಇಂಥ ಚಿಕ್ಕ ಚಿಕ್ಕ ತುಣುಕುಗಳ ಸಿಡಿ ಮಾಡುತ್ತಾರೆ, ಬೇಕಾದವರು ಆರಿಸಿಕೊಳ್ಳುತ್ತಾರೆ. ‘ಡೋನಟ್ಸ್’ ಕೂಡ ಮೊದಲಿಗೆ ಅಂಥದ್ದೇ ಒಂದು ಸಿಡಿ. ಆಮೇಲೆ ಗೋಸ್ಟ್‌ಫೇಸ್ ಕಿಲ್ಲಾ ಎಂಬವನು ಅದೇ 2006ರಲ್ಲಿ ಇದರೊಳಗಿನ ‘ಒನ್ ಫಾರ್ ಗೋಸ್ಟ್’ ತುಣುಕಿನ ಮೇಲೆ ರ‍್ಯಾಪ್ ಮಾಡಿದ. ‘ಬೈ’ ಎಂಬ ತುಣುಕು ಕಾಮನ್ ಮತ್ತು ಡಿ’ಏಂಜೆಲೊ ಸೇರಿ ‘ಸೋ ಫಾರ್ ಟು ಗೋ’ ಆಯಿತು. ಕೇಳಿ ನೋಡಿದೆ. ಎರಡೂ ಚೆನ್ನಾಗಿವೆ. ಆದರೂ ಮಾತಿಲ್ಲದ ಮೂಲವೇ ನನಗೆ ಇಷ್ಟ.

ಇನ್ನು ಲಯದ ವಿಷಯ. ಡಿಲ್ಲಾನ ಬಗ್ಗೆ ಮಾತಾಡುವವರೆಲ್ಲ ಬಂದು ನಿಲ್ಲುವ ಜಾಗ ಇದು. ಅಕೈ ಕಂಪನಿಯ ಎಂಪಿಸಿ 3000 ಎಂಬ ಯಂತ್ರ ಅವನ ಮುಖ್ಯ ವಾದ್ಯ. ಅವನು ಬಳಸಿದ ಆ ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ಮ್ಯೂಸಿಯಮ್ಮಿನಲ್ಲಿದೆ, ಅವನ ತಾಯಿಯೇ ಕೊಟ್ಟದ್ದು. ಇಂಥ ಯಂತ್ರಗಳಲ್ಲಿ ಕ್ವಾಂಟೈಸ್ ಎಂಬ ಸೌಲಭ್ಯ ಇರುತ್ತದೆ. ನೀವು ಸ್ವಲ್ಪ ಹಿಂದೆ ಮುಂದೆ ಹೊಡೆದರೂ ಯಂತ್ರ ಅದನ್ನು ಎಳೆದು ಲೆಕ್ಕದ ಗೆರೆಯ ಮೇಲೆ ಕೂರಿಸುತ್ತದೆ. ಡಿಲ್ಲಾ ಅದನ್ನು ಪೂರ್ತಿ ನಂಬಲಿಲ್ಲ. ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಒಂದು ಲೆಕ್ಕದಲ್ಲಿ, ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಇನ್ನೊಂದು ಲೆಕ್ಕದಲ್ಲಿ, ಒಂದು ತುಸು ಮುಂದೆ, ಒಂದು ತುಸು ತಡ. ‘ಕುಡಿದವನ ನಡಿಗೆ’ ಎಂದು ಕೆಲವರು ಇದನ್ನು ಕರೆದದ್ದುಂಟು. 2022ರಲ್ಲಿ ಡ್ಯಾನ್ ಚಾರ್ನಾಸ್ ಬರೆದ ‘ಡಿಲ್ಲಾ ಟೈಮ್’ ಪುಸ್ತಕದ ವಾದವೇ ಬೇರೆ. ಇದು ಕೈತಪ್ಪಲ್ಲ, ಬೇಕೆಂದೇ ಎರಡು ಬಗೆಯ ಕಾಲಗಣನೆಯನ್ನು ಒಂದರ ಪಕ್ಕ ಒಂದು ಇಟ್ಟದ್ದು ಎನ್ನುತ್ತಾರೆ ಅವರು.

ನನಗೆ ಇದನ್ನು ಒಪ್ಪಲು ಪುಸ್ತಕ ಬೇಕಾಗಲಿಲ್ಲ, ಡೊಳ್ಳು ಸಾಕಾಯಿತು. ಹದಿನಾಲ್ಕು ಹದಿನಾರು ಜನ ಸುತ್ತುಗಟ್ಟಿ ಹೊಡೆಯುವಾಗ ಒಂದೇ ಪೆಟ್ಟು ಬಿದ್ದಂತೆ ಕೇಳುತ್ತದೆ. ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಅದು ಒಂದು ಪೆಟ್ಟಲ್ಲ, ಒತ್ತೊತ್ತಾಗಿ ಬಿದ್ದ ಪೆಟ್ಟುಗಳ ಗೊಂಚಲು. ಆ ಗೊಂಚಲಿಗೇ ಎದೆ ಅದುರುವುದು. ನಾನು ಒಮ್ಮೆ ಒಂದೇ ಡೊಳ್ಳಿನ ಸದ್ದನ್ನು ಹದಿನಾರು ಪದರ ಮಾಡಿ ಕರಾರುವಾಕ್ಕಾಗಿ ಒಂದರ ಮೇಲೊಂದು ಕೂರಿಸಿ ನೋಡಿದೆ. ಸದ್ದು ಜೋರಾಯಿತು, ದೊಡ್ಡದಾಗಲಿಲ್ಲ. ಪದರಗಳನ್ನು ಕೈಯಿಂದಲೇ ಅಲ್ಲಿಷ್ಟು ಇಲ್ಲಿಷ್ಟು ಸರಿಸಿದ ಮೇಲೆ ಜಾತ್ರೆ ಬಂತು. ‘ಡೋನಟ್ಸ್’ನಲ್ಲಿ ಡಿಲ್ಲಾ ತನ್ನದೇ ಡ್ರಮ್ ಸೇರಿಸಿದ್ದು ಕಡಿಮೆ, ಬಹಳ ಕಡೆ ಹಳೇ ರೆಕಾರ್ಡಿನೊಳಗಿನ ಡ್ರಮ್ಮರನೇ ಓಡುತ್ತಾನೆ. ಹಾಗಿದ್ದರೂ ಚೂರುಗಳನ್ನು ಮತ್ತೆ ಹೊಡೆಯುವಾಗ ಆ ಹಿಂದುಮುಂದು ಬಂದೇ ಬರುತ್ತದೆ. ನಮ್ಮ ಪ್ಯಾಡ್ ಹುಡುಗರಿಗೆ ಮುಖ್ಯವಾಗಿ ಇದನ್ನೇ ಕೇಳಿ ಅಂತೀನಿ. ಈಗ ಎಲ್ಲರೂ ಲ್ಯಾಪ್‌ಟಾಪಿನಿಂದ ಟ್ರ್ಯಾಕ್ ಬಿಟ್ಟು ಅದರ ಮೇಲೆ ಕೋಲು ಆಡಿಸುತ್ತಾರೆ, ಎಲ್ಲವೂ ಗೆರೆಯ ಮೇಲೆ. ಯಾವ ಊರಿಗೆ ಹೋದರೂ ಒಂದೇ ಸಪ್ಪೆ ಲಯ.

ಆಸ್ಪತ್ರೆಯ ಕಥೆಗೂ ಬರಬೇಕು. ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ಹಾಸಿಗೆಯ ಮೇಲೆ, ಬಾಸ್ ಎಸ್‌ಪಿ-303 ಎಂಬ ಪುಟ್ಟ ಸ್ಯಾಂಪ್ಲರ್ ಮತ್ತು ಒಂದು ಚಿಕ್ಕ ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡು ಇಡೀ ಆಲ್ಬಮ್ ಮಾಡಿದ ಎಂದು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದಾರೆ. ಚಾರ್ನಾಸ್ ಕೊಡುವ ವಿವರದ ಪ್ರಕಾರ ಇದರ ಬಹುಪಾಲು 2005ರಲ್ಲಿ ಮನೆಯಲ್ಲಿ ಕಂಪ್ಯೂಟರಿನಲ್ಲಿ ಪ್ರೊ ಟೂಲ್ಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಮೇಲೆ ಮಾಡಿದ್ದು. ಆಮೇಲೆ ಅದನ್ನು ಆಲ್ಬಮ್ಮಿನ ಉದ್ದಕ್ಕೆ ಎಳೆದು ಹೊಂದಿಸುವುದರಲ್ಲಿ ಸ್ಟೋನ್ಸ್ ಥ್ರೋದ ಜೆಫ್ ಜ್ಯಾಂಕ್ ಕೈಯೂ ಇದೆ. ನನಗೆ ಈ ಎರಡನೆಯದೇ ಹೆಚ್ಚು ಇಷ್ಟವಾಯಿತು. ಸಾಯುವವನ ಕೊನೆಯ ಸಂದೇಶ ಎಂದು ಕಿವಿಗೊಟ್ಟರೆ ಪ್ರತಿ ‘ಗುಡ್‌ಬೈ’ಗೂ ಕಣ್ಣು ತುಂಬುತ್ತದೆ, ಸರಿ. ಕಂಪ್ಯೂಟರ್ ಮುಂದೆ ಕೂತು ಹಳೇ ರೆಕಾರ್ಡುಗಳ ಜೊತೆ ಆಟ ಆಡುತ್ತಿದ್ದವನ ಕೆಲಸ ಎಂದು ಕೇಳಿದರೆ ಇದರೊಳಗಿನ ನಗು ಕೇಳಿಸುತ್ತದೆ. ಮತ್ತು ಇದರಲ್ಲಿ ನಗು ಬಹಳ ಇದೆ. ‘ಲೈಟ್‌ವರ್ಕ್ಸ್’ನಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಹಳೇ ಹುಲಿ ರೇಮಂಡ್ ಸ್ಕಾಟ್ ಅರವತ್ತರ ದಶಕದಲ್ಲಿ ಜಾಹೀರಾತಿಗೆ ಮಾಡಿದ ಜಿಂಗಲ್ಲನ್ನೇ ಹಿಡಿದು ಕುಣಿಸಿದ್ದಾನೆ. ಬಾಲ್ಯದಲ್ಲಿ ರೇಡಿಯೊ ಜಾಹೀರಾತುಗಳನ್ನು ಹಾಡುಗಳಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದ ನನ್ನಂಥವನಿಗೆ ಇದು ಹಬ್ಬ.

ಹೊಗಳಿದ್ದಾಯಿತು. ಈಗ ದುಡ್ಡಿನ ಮಾತು. ಬೇರೆಯವರ ಹಾಡು ಕತ್ತರಿಸಿದರೆ ಮೂಲದವರಿಗೆ ಏನು ಸಿಗುತ್ತದೆ? ಅಮೆರಿಕದಲ್ಲಿ 1991ರವರೆಗೆ ಇದು ಅರೆಬರೆ ಲೆಕ್ಕವಾಗಿತ್ತು. ಆ ವರ್ಷ ಬಿಜ್ ಮಾರ್ಕಿ ಎಂಬ ರ‍್ಯಾಪರ್ ಮೇಲಿನ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ‘ಕದಿಯಬಾರದು’ ಎಂಬ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪು ಶುರು ಮಾಡಿದರು. ಅಲ್ಲಿಂದ ಪ್ರತಿ ತುಣುಕಿಗೂ ಪರವಾನಗಿ, ಪ್ರತಿ ಪರವಾನಗಿಗೂ ದುಡ್ಡು. ಡಿ ಲಾ ಸೋಲ್ ತಂಡದ 1989ರ ‘3 ಫೀಟ್ ಹೈ ಆಂಡ್ ರೈಸಿಂಗ್’ ಸ್ಯಾಂಪಲ್ಲುಗಳಿಂದಲೇ ಕಟ್ಟಿದ ಇನ್ನೊಂದು ದೊಡ್ಡ ಆಲ್ಬಮ್. ಹಳೇ ಒಪ್ಪಂದಗಳ ತಕರಾರಿನಿಂದ ಅದು ಸ್ಟ್ರೀಮಿಂಗಿಗೆ ಬರಲು 2023ರ ಮಾರ್ಚ್ ಆಗಬೇಕಾಯಿತು.

ಕಾನೂನು ಬಂತು, ನ್ಯಾಯ ಬಂತೇ? ಹಾಡಿನ ಹಕ್ಕು ಇರುವ ಕಂಪನಿಗೆ ದುಡ್ಡು ಹೋಗುತ್ತದೆ, ಡ್ರಮ್ ಹೊಡೆದವನಿಗೆ ಹೋಗುವುದಿಲ್ಲ. ದ ವಿನ್‌ಸ್ಟನ್ಸ್ ತಂಡದ 1969ರ ‘ಅಮೆನ್, ಬ್ರದರ್’ ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ಹೊಡೆದ ಆರೇಳು ಸೆಕೆಂಡಿನ ಡ್ರಮ್ ತುಂಡು ಸಾವಿರಾರು ಹಾಡುಗಳಲ್ಲಿ ಬಂದಿದೆ. ಅದರಿಂದ ಅವನಿಗೆ ರಾಯಲ್ಟಿ ಅಂತ ಬಿಡಿಗಾಸೂ ಬರಲಿಲ್ಲ. ಬಡತನದಲ್ಲೇ ಸತ್ತ, ಅದೂ 2006ರಲ್ಲೇ. ನಮ್ಮ ಕಡೆಯ ಉದಾಹರಣೆಯೂ ಇದೆ. 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’ ಅಮೆರಿಕದಲ್ಲಿ ಓಡಿದ್ದೇ ಓಡಿದ್ದು. ಅದರ ಬೆನ್ನೆಲುಬು 1981ರ ‘ಜ್ಯೋತಿ’ ಎಂಬ ಹಿಂದಿ ಚಿತ್ರಕ್ಕೆ ಬಪ್ಪಿ ಲಾಹಿರಿ ಮಾಡಿ ಲತಾ ಮಂಗೇಶ್ಕರ್ ಹಾಡಿದ ಹಾಡು. ಬಪ್ಪಿದಾ ಹೆಸರು ಹಾಕದೆ ಸಿಡಿ ಮಾರುವ ಹಾಗಿಲ್ಲ ಎಂದು ಅಲ್ಲಿನ ಕೋರ್ಟೇ ಹೇಳಬೇಕಾಯಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಆನ್‌ಲೈನಿನಲ್ಲಿ ಮಾರಾಟಕ್ಕಿರುವ ‘ಜಾನಪದ ರಿದಮ್’ ಪ್ಯಾಕುಗಳು. ಡೊಳ್ಳು, ತಮಟೆ, ಚಂಡೆ, ಎಲ್ಲ ಸಿಗುತ್ತದೆ. ಯಾವ ಊರು, ಯಾರ ಕೈ ಎಂದು ಒಂದಕ್ಷರ ಇರುವುದಿಲ್ಲ. ನಾನು ರೆಕಾರ್ಡ್ ಮಾಡಿಕೊಂಡ ತಂಡಕ್ಕೆ ಅವತ್ತೇ ಸಂಭಾವನೆ ಕೊಟ್ಟೆ. ಅವರ ಸದ್ದು ಬಳಸಿದ ಕಾರ್ಯಕ್ರಮದಲ್ಲಿ ಮೈಕಿನಲ್ಲಿ ತಂಡದ ಹೆಸರು ಹೇಳಿಸುತ್ತೇನೆ. ಒಂದು ಸಲ ಆ ತಂಡದ ಯಜಮಾನರೇ ಮದುವೆಗೆ ಬಂದಿದ್ದರು. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಸ್ಟೇಜಿನ ಪಕ್ಕ ಬಂದು ನಿಂತು ಕೇಳಿದರು. ‘ನಮ್ ಹೊಡ್ತ ನಿನ್ ಡಬ್ಬಿ ಒಳ್ಗೆ ಐತಲ್ಲ ತಮ್ಮ’ ಎಂದರು. ‘ಹೌದು ಯಜಮಾನ್ರೇ, ಸರಿ ಬಂದಿದ್ಯಾ?’ ಎಂದೆ. ‘ಸರಿ ಬಂದೈತೆ. ಮಳೆಗಾಲ್ದಾಗೂ ಚರ್ಮ ಸಡ್ಲ ಆಗಲ್ಲ, ಬೆಂಕಿಗೆ ಕಾಸೋದೂ ಬ್ಯಾಡ. ಆದ್ರೆ ಕುಣಿಯೋರು ಎಲ್ಲವ್ರೆ?’ ಡಿಲ್ಲಾನಿಗೆ ಈ ಪ್ರಶ್ನೆ ಕೇಳಿದ್ದರೆ ಅವನು ಏನನ್ನುತ್ತಿದ್ದನೋ. ಅವನ ಉತ್ತರ ಬಹುಶಃ ಈ ಆಲ್ಬಮ್ಮೇ, ಯಾಕೆಂದರೆ ಎಸ್ಕಾರ್ಟ್ಸ್ ತಂಡದ ಆ ಕೈದಿಗಳ ಹೆಸರನ್ನು ನಾನು ಹುಡುಕಿ ಓದಿದ್ದು ಇದರ ದೆಸೆಯಿಂದ. ಅಷ್ಟಕ್ಕೇ ಲೆಕ್ಕ ಚುಕ್ತಾ ಎನ್ನಲು ನನಗೆ ಮನಸ್ಸಿಲ್ಲ.

ಕಿರಿಕಿರಿಗಳೂ ಇವೆ. ದೊಡ್ಡದು ಸೈರನ್. ಮ್ಯಾಂಟ್ರಾನಿಕ್ಸ್ ಎಂಬ ಹಿಪ್‌ಹಾಪ್ ತಂಡದ 1988ರ ರೆಕಾರ್ಡೊಂದರಿಂದ ಎತ್ತಿದ ಒಂದು ಕಿರುಚು ಸೈರನ್ ಆಲ್ಬಮ್ಮಿನ ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಅದು ಡಿಲ್ಲಾನ ಸಹಿ ಎನ್ನುತ್ತಾರೆ ಭಕ್ತರು. ಇರಲಿ, ಇಷ್ಟು ಸಲ ಸಹಿ ಮಾಡಬೇಕೆ? ಬಿ.ಎಚ್. ರಸ್ತೆಯಲ್ಲಿ ವ್ಯಾನಿನ ಸ್ಪೀಕರಿಗೆ ಹಾಕಿದಾಗ ನಮ್ಮ ಡ್ರೈವರ್ ಹಿಂದೆ ಆಂಬುಲೆನ್ಸ್ ಬಂತೆಂದು ಪಕ್ಕಕ್ಕೆ ಸರಿದು ನಿಲ್ಲಿಸಿದ. ಎರಡನೆಯದು, ನಡುವಿನ ಕೆಲವು ತುಣುಕುಗಳು ಬರೀ ತಲೆಹರಟೆ. ‘ದ ಟ್ವಿಸ್ಟರ್’, ‘ದ ಫ್ಯಾಕ್ಟರಿ’ ನನಗೆ ಇವತ್ತಿಗೂ ಒಗ್ಗಿಲ್ಲ. ಮತ್ತೆ ಧ್ವನಿ ಎಲ್ಲ ಕಡೆ ಶುದ್ಧವಾಗಿಲ್ಲ. ರೆಕಾರ್ಡಿನ ಚರಪರ, ಮಂಕು, ಸಿಡಿತ ಎಲ್ಲ ಹಾಗೇ ಇದೆ. ನನಗದು ತೊಂದರೆಯಲ್ಲ, ಹೊಸ ಸಿನಿಮಾ ಹಾಡುಗಳ ಹೊಳಪಿಗೆ ಒಗ್ಗಿದ ಕಿವಿಗೆ ತೊಂದರೆ ಆಗಬಹುದು.

ಕೇಳುವುದು ಹೇಗೆ? ಫೋನಿನ ಸ್ಪೀಕರಿನಲ್ಲಿ ಬೇಡ, ಬೇಸ್ ಪೂರ್ತಿ ಸತ್ತುಹೋಗುತ್ತದೆ. ಸಾಧಾರಣ ವೈರ್ ಹೆಡ್‌ಫೋನ್ ಸಾಕು. ನಾನು ಒಮ್ಮೆ ಸೌಂಡ್ ಚೆಕ್ ಹೊತ್ತಿಗೆ ಸ್ಟೇಜ್ ಮಾನಿಟರಿಗೆ ಹಾಕಿ ‘ವರ್ಕಿನಾನಿಟ್’ ಕೇಳಿದೆ. ಅದೂ 10ಸಿಸಿಯದೇ ಹಾಡು, 1974ರದು, ಈ ಆಲ್ಬಮ್ಮಿನಲ್ಲಿ ಮೂರು ನಿಮಿಷದ ಹತ್ತಿರ ಬರುವ ಒಂದೇ ತುಣುಕು. ಪೆಂಡಾಲು ಕಟ್ಟುತ್ತಿದ್ದ ಹುಡುಗರು ಕೆಲಸ ನಿಲ್ಲಿಸಿ ತಲೆ ಆಡಿಸಿದರು. ಸ್ಟ್ರೀಮಿಂಗಿನಲ್ಲಿ ಕೇಳುವವರು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ತೀರ್ಥಹಳ್ಳಿ ದಾಟಿದ ಮೇಲೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಶಫಲ್ ಕಡ್ಡಾಯವಾಗಿ ಬಂದ್ ಮಾಡಿ. ಆಲ್ಬಮ್ ಶುರುವಾಗುವುದೇ ‘ಔಟ್ರೊ’ ಎಂಬ ತುಣುಕಿನಿಂದ, ಮುಗಿಯುವುದು ‘ವೆಲ್‌ಕಮ್ ಟು ದ ಷೋ’ ಎಂದು ಸ್ವಾಗತ ಕೋರುತ್ತಾ. ಆ ಕೊನೆಯದರ ತುದಿ ಮೊದಲನೆಯದರ ಆರಂಭಕ್ಕೆ ಸರಿಯಾಗಿ ಹೊಂದುತ್ತದೆ, ಹೆಸರಿನ ಡೋನಟ್ಟಿನ ಉಂಗುರ ಅಲ್ಲಿ ಕೂಡಿಕೊಳ್ಳುತ್ತದೆ. ರಿಪೀಟ್ ಹಾಕಿಟ್ಟರೆ ಸಾಗರದಿಂದ ಶಿವಮೊಗ್ಗ ಬರುವಷ್ಟರಲ್ಲಿ ಎಲ್ಲಿ ಶುರುವಾಗಿತ್ತೆಂಬುದೇ ಮರೆಯುತ್ತದೆ.

ಮೂಲ ಹಾಡುಗಳನ್ನೂ ಪಕ್ಕದಲ್ಲೇ ಇಟ್ಟುಕೊಂಡು ಕೇಳಿದರೆ ಸಿಗುವ ಸುಖ ಬೇರೆ. ಎಲ್ಲ ಮೂವತ್ತೊಂದೂ ಬೇಡ. ಎಸ್ಕಾರ್ಟ್ಸ್, 10ಸಿಸಿ, ಜಾಕ್ಸನ್ 5, ಇಷ್ಟು ಸಾಕು. ಮೊದಲು ಡಿಲ್ಲಾ, ಆಮೇಲೆ ಮೂಲ, ಮತ್ತೆ ಡಿಲ್ಲಾ. ಎಲ್ಲಿ ಕತ್ತರಿ ಹಾಕಿದ ಎಂದು ಬೆರಳಿಟ್ಟು ತೋರಿಸುವಂತಾಗುತ್ತೀರಿ. ಇದೇ ಚಾಳಿಯಲ್ಲಿ ನಾನು ಮನೆಯಲ್ಲಿ ರಾಜನ್-ನಾಗೇಂದ್ರ ಅವರ ಎಪ್ಪತ್ತರ ದಶಕದ ಒಂದು ಹಾಡಿನ ನಡುವಿನ ಪಿಟೀಲು ತುಂಡನ್ನು ಒಂಬತ್ತು ಚೂರು ಮಾಡಿ ಒಂಬತ್ತು ಪ್ಯಾಡಿಗೆ ಹಂಚಿದ್ದೇನೆ. ಡಿಲ್ಲಾ ಕೆದಕಿದ ಅಮೆರಿಕದ ಹಾಡುಗಳೂ ಇವೂ ಹೆಚ್ಚುಕಡಿಮೆ ಒಂದೇ ಕಾಲದವು, ಎರಡರಲ್ಲೂ ಪಿಟೀಲುಗಳದ್ದೇ ದರ್ಬಾರು. ಸದ್ಯಕ್ಕೆ ಅದು ಮನೆ ಬಿಟ್ಟು ಹೊರಗೆ ಬಂದಿಲ್ಲ, ಬರುವುದೂ ಬೇಡ. ಡಿಲ್ಲಾನ ಗೆಳೆಯ ಮ್ಯಾಡ್‌ಲಿಬ್ 2007ರಲ್ಲಿ ನಮ್ಮ ದೇಶದ ಸಿನಿಮಾ ಹಾಡುಗಳನ್ನೇ ಕತ್ತರಿಸಿ ‘ಬೀಟ್ ಕಂಡಕ್ಟಾ ಇನ್ ಇಂಡಿಯಾ’ ಎಂದು ಆಲ್ಬಮ್ಮೇ ಮಾಡಿದ. ‘ಡೋನಟ್ಸ್’ ಹಿಡಿಸಿದವರು ಆಮೇಲೆ ಅದಕ್ಕೆ ಹೋಗಬಹುದು.

ಎಲ್‌ಪಿ ರೆಕಾರ್ಡೂ ಸಿಗುತ್ತದೆ, ವಿದೇಶದಿಂದ ತರಿಸಬೇಕು. ಬೆಲೆ ನೋಡಿದರೆ ಒಂದು ಮದುವೆ ಪ್ರೋಗ್ರಾಮಿನ ನನ್ನ ಪಾಲನ್ನು ನುಂಗಿ ನೀರು ಕುಡಿಯುವಂತಿದೆ. ಅದಕ್ಕಿಂತ ಹೆಚ್ಚಾಗಿ ಅದು ಎರಡು ರೆಕಾರ್ಡುಗಳ ಸೆಟ್ಟು. ನಾಲ್ಕು ಬದಿಗೂ ಎದ್ದು ಹೋಗಿ ತಿರುಗಿಸಬೇಕು, ಒಂದರೊಳಗೊಂದು ಹರಿಯುವ ತುಣುಕುಗಳಿಗೆ ನಡುವೆ ಅಡ್ಡಗಟ್ಟೆ ಬೀಳುತ್ತದೆ. ಸಂಗ್ರಹ ಮಾಡುವವರು ಕೊಳ್ಳಲಿ. ಕೇಳುವವರಿಗೆ ಫೋನು, ಹೆಡ್‌ಫೋನು, ಕಿಟಕಿ ಪಕ್ಕದ ಸೀಟು ಸಾಕು.